ಜೇನುಹುಳದ ತಲಿಯೊಳಗಿನ ಎನ್‌ಜೈಮ್, ನಮ್ಮ ಮನಿ ಒಲಿ

ಎಮ್ಮೆಸ್ಸಿ ಪ್ರಾಜೆಕ್ಟ್ ಏನಪಾ ನಿಂದು ಅಂತ ಯಾರರೆ ಕೇಳಿದ್ರ "ಜೇನುಹುಳದ ಎನ್‌ಜೈಮ್ ಮ್ಯಾಲ" ಅಂತೀನಿ, ಅಷ್ಟ ಅಂದ್ರ ಸಾಕು, ಮುಂದಿನ ಪ್ರಶ್ನೆ ಅವ್ರ ಬಾಯಾಗಿಂದ ಬರೂಕಿಂತ ಮೊದ್ಲ ನನಗ ಗೊತ್ತಿರ್ತೈತಿ. "ಹಂಗಾರ ಒರಿಜಿನಲ್ ಜೇನು ಎಲ್ಲಿ ಸಿಗ್ತೈತಿ ಹೇಳು." ರೂಮಿನ ಓನರ್ ಆಂಟಿ ಕೇಳ್ಯಾರ, ಧಾರವಾಡದಿಂದ ಹುಬ್ಬಳ್ಳಿಗೆ ಹೋಗೋ ಬಸ್ಸಿನ್ಯಾಗ ಬಾಜೂಕ ಕುಂತವ್ರು ಕೇಳ್ಯಾರ, ಲಗ್ನದ ಪಂಕ್ತಿಯೊಳಗ ಹೋಳಿಗಿ ಬಡಿಸಾಕ ಬಂದ ಮಾಮಾನೂ ಬುಟ್ಟಿ ಕೈಯಾಗ ಹಿಡ್ಕೊಂಡ ನಿಂತು ಕೇಳ್ಯಾನ. ಎನ್‌ಜೈಮ್ ಅಂದ್ರ ಜೀವಿಗಳ ಮೈಯೊಳಗ ರಾಸಾಯನಿಕ ಕೆಲಸ ಲಗೂ ಮಾಡಿಸೋ ಪ್ರೋಟೀನ್, ನಾ ಓದೋ ಎನ್‌ಜೈಮಿಗೆ ಈ ಪ್ರಶ್ನೆಗೆ ಅರ್ಧ ಮಾತ್ರ ಉತ್ತರ ಗೊತ್ತೈತಿ. ಆದ್ರ ಯಾರೂ ಕೇಳದ ಇನ್ನೊಂದು ಪ್ರಶ್ನೆಗೆ ಅದು ಭಾಳ ಚೊಲೋ ಉತ್ತರ ಕೊಡ್ತೈತಿ, ಏನಂದ್ರ ಈ ಜೇನುತುಪ್ಪ ಎಷ್ಟು ಬಿಸಿ ತಿಂದೈತಿ ಅನ್ನೋದು. ನನಗ ಈಗೀಗ ಅದ ದೊಡ್ಡ ಪ್ರಶ್ನೆ ಅನಸಾಕತ್ತೈತಿ, ಯಾಕಂದ್ರ ಹೆಜ್ಜೇನಿನಿಂದ ಖರೇನ ಕಿತ್ತು ತಂದ, ಒಂದ್ ಹನಿ ಸಕ್ರಿಪಾಕ ಬೆರಸದ ತುಪ್ಪಾನೂ ಒಲಿ ಮ್ಯಾಲ ಕುಂತು ಎದ್ದ ಬಂದಿದ್ರ ನನ್ನ ಟೆಸ್ಟ್ ಟ್ಯೂಬಿನ್ಯಾಗ ಸತ್ತಂಗ ಬಿದ್ದಿರ್ತೈತಿ.

ಮೊದ್ಲ ಎನ್‌ಜೈಮ್ ಯಾವ್ದು ಹೇಳ್ತೀನಿ. ಹೆಸರು ಆಲ್ಫಾ ಗ್ಲುಕೋಸಿಡೇಸ್, ಜೇನಿನ ಲೆಕ್ಕದಾಗ ಎಲ್ಲಾರೂ ಇನ್ವರ್ಟೇಸ್ ಅಂತಾರ, ನಾನೂ ಹಂಗ ಬರಿತೀನಿ. ಹೂವಿನ್ಯಾಗ ಇರೋದು ಮಕರಂದ, ಅದು ಜೇನುತುಪ್ಪ ಅಲ್ಲ, ಭಾಳಷ್ಟು ಹೂವಿನ ಮಕರಂದದಾಗ ನೂರಕ್ಕ 60-80 ಭಾಗ ನೀರ ಇರ್ತೈತಿ, ಉಳಿದಿದ್ದರಾಗ ಸುಕ್ರೋಸ್, ಅಂದ್ರ ನಾವು ಚಹಾಕ್ಕ ಹಾಕೋ ಸಕ್ರಿನ ಅದು, ಜೊತಿಗೆ ಒಂದಿಷ್ಟು ಗ್ಲೂಕೋಸ್ ಫ್ರಕ್ಟೋಸ್. ತುಪ್ಪ ಆದ ಮ್ಯಾಲ ನೋಡಿದ್ರ ಲೆಕ್ಕನ ಬ್ಯಾರೆ: ಫ್ರಕ್ಟೋಸ್ ಸುಮಾರು 38%, ಗ್ಲೂಕೋಸ್ ಸುಮಾರು 31%, ನೀರು 17-18%, ಸುಕ್ರೋಸ್ ಒಂದೋ ಎರಡೋ ಪರ್ಸೆಂಟ್. ಅಂದ್ರ ನೀರು ಹಾರೈತಿ ಅಷ್ಟ ಅಲ್ಲ, ಸಕ್ರಿನೂ ಒಡದೈತಿ. ಒಂದ್ ಸುಕ್ರೋಸ್ ಒಡದ್ರ ಒಂದು ಗ್ಲೂಕೋಸ್ ಒಂದು ಫ್ರಕ್ಟೋಸ್. ಆ ಒಡಿಯೋ ಕೆಲಸ ಇನ್ವರ್ಟೇಸಿಂದು.

ಯಾಕ ಒಡೀಬೇಕು, ಹಂಗ ನೀರು ಆರಿಸಿ ಇಟ್ಕೊಂಡ್ರ ನಡೀತಿದ್ದಿಲ್ಲೇನು ಅಂದ್ರ, ನಡೀತಿದ್ದಿಲ್ಲ. ಸುಕ್ರೋಸ್ 20 ಡಿಗ್ರಿಯೊಳಗ ನೂರಕ್ಕ 67 ಭಾಗ ಆಗೋತನಕ ಮಾತ್ರ ಕರಗಿ ನಿಲ್ತೈತಿ, ಅದರ ಮ್ಯಾಲ ಹರಳ ಆಗಿ ತಳಕ್ಕ ಕೂಡ್ತೈತಿ. ಜೇನುಹುಳಕ್ಕ ಬೇಕಾಗಿದ್ದು 80ರ ಮ್ಯಾಲ. ಒಡದ ಗ್ಲೂಕೋಸ್ ಫ್ರಕ್ಟೋಸ್ ಎರಡೂ ಕೂಡಿದ್ರ ಅಷ್ಟು ಗಟ್ಟಿಯಾಗಿಯೂ ದ್ರವ ಆಗೇ ಉಳಿತೈತಿ, ಅದೂ ಅಲ್ದ ಒಂದು ಕಣ ಇದ್ದಲ್ಲಿ ಎರಡು ಕಣ ಆದ್ರ ನೀರನ್ನ ಹಿಡ್ಕೊಳ್ಳೋ ಜಗ್ಗಾಟ ಹೆಚ್ಚಾಗ್ತೈತಿ, ಬೂಷ್ಟಿಗೆ, ಯೀಸ್ಟಿಗೆ ಕುಡ್ಯಾಕ ನೀರ ಸಿಗಂಗಿಲ್ಲ. ಅದಕ್ಕ ತುಪ್ಪ ವರ್ಷಗಟ್ಲೆ ಕೆಡಂಗಿಲ್ಲ. ಫ್ರಿಜ್ ಇಲ್ದ ಊಟ ಕೂಡಿಡೋದು ಹೆಂಗ ಅನ್ನೋ ಲೆಕ್ಕಾನ ಆ ಹುಳ ತನ್ನ ಜೊಲ್ಲಿನ್ಯಾಗ ಬಿಡಿಸಿ ಇಟ್ಟೈತಿ.

ಜೊಲ್ಲು ಅಂದ್ನೆಲ್ಲ, ಅದು ಬರೋ ಜಾಗಾ ನೋಡಿದ್ರ ಇನ್ನೂ ಮಜಾ. ಕೆಲಸಗಾರ ಹುಳದ ತಲಿಯೊಳಗ, ಮೆದುಳಿನ ಮುಂದ, ಹೈಪೋಫ್ಯಾರಿಂಜಿಯಲ್ ಅನ್ನೋ ಒಂದ್ ಜೋಡಿ ಗ್ರಂಥಿ ಸುತ್ತಿ ಸುತ್ತಿ ತುರುಕಿಟ್ಟಂಗ ಇರ್ತಾವ. ಹುಳಾನ ಐಸಿನ ಮ್ಯಾಲ ಇಟ್ಟು ತಣ್ಣಗ ಮಾಡಿ, ತಲಿ ಬಿಚ್ಚಿ, ಸ್ಟೀರಿಯೋ ಮೈಕ್ರೋಸ್ಕೋಪಿನ ಕೆಳಗ ಸಲೈನ್ ಹನಿಯೊಳಗ ಆ ಗ್ರಂಥಿನ ಚಿಮಟಿಲೆ ಮೆಲ್ಲಕ ಎಳದ್ರ ಬರ್ತೈತಿ ನೋಡ್ರಿ, ಕರಿಮಣಿ ಸರ ಇದ್ದಂಗ, ಬಣ್ಣ ಮಾತ್ರ ಹಾಲಿನಂಗ ಬೆಳ್ಳಗ. ಬಿಡಿಸಿ ಉದ್ದಕ್ಕ ಹಾಕಿದ್ರ ಹುಳದ ಮೈಗಿಂತ ಉದ್ದ ಆಗ್ತೈತಿ. ಇಷ್ಟು ಉದ್ದಂದು ಅಷ್ಟು ಸಣ್ಣ ತಲಿಯೊಳಗ ಹೆಂಗ ಹಿಡಿಸ್ತು ಅನ್ನೋದು ನನಗ ಈಗಲೂ ಸೋಜಿಗ.

ಆದ್ರ ನನ್ನ ಖರೇ ಸೋಜಿಗ ಅದರ ಉದ್ದ ಅಲ್ಲ, ಅದು ಕೆಲಸ ಬದಲಾಯಿಸೋ ಪರಿ. ಹುಳ ಸಣ್ಣದಿದ್ದಾಗ, ಅಂದ್ರ ಗೂಡಿನ ಒಳಗ ಮರಿ ಸಾಕೋ ದಾದಿ ಕೆಲಸ ಮಾಡೋ ವಯಸ್ಸಿನ್ಯಾಗ, ಇದ ಗ್ರಂಥಿ ರಾಯಲ್ ಜೆಲ್ಲಿಯ ಪ್ರೋಟೀನ್ ಮಾಡ್ತೈತಿ, ಮರಿಗೆ, ರಾಣಿಗೆ ತಿನಸಾಕ. ಸುಮಾರು ಮೂರು ವಾರದ ವಯಸ್ಸಿಗೆ ಹುಳ ಹೊರಗ ಹೂವಿಗೆ ಹೋಗೋ ಕೆಲಸಕ್ಕ ಬಡ್ತಿ ಆಗ್ತೈತಿ, ಆಗ ಗ್ರಂಥಿ ಸಣ್ಣದಾಗಿ ಆ ಜೆಲ್ಲಿ ಪ್ರೋಟೀನ್ ಕಡಿಮಿ ಮಾಡಿ ಆಲ್ಫಾ ಗ್ಲುಕೋಸಿಡೇಸ್, ಅಮೈಲೇಸ್, ಗ್ಲೂಕೋಸ್ ಆಕ್ಸಿಡೇಸ್ ಮಾಡಾಕ ಶುರು ಹಚ್ಕೊಂತೈತಿ. ಅದ ಗ್ರಂಥಿ, ಅದ ಜೀವಕೋಶ, ಡ್ಯೂಟಿ ಬದಲಾದ ಕೂಡ್ಲೆ ಕಾರ್ಖಾನಿ ಬದಲು. 1990ರ ದಶಕದಾಗ ಟೋಕಿಯೋದ ಸಂಶೋಧಕರು ಇದನ್ನ ಪ್ರೋಟೀನ್ ಮತ್ತ ಜೀನ್ ಮಟ್ಟದಾಗ ತೋರಿಸಿದ್ರು, ಬರೇ ವಯಸ್ಸಿಂದಲ್ಲ, ಕೆಲಸದ ಮ್ಯಾಲೂ ನಿಂತೈತಿ ಅಂತ. ಗೂಡಿನ್ಯಾಗ ದಾದಿಗಳ ಕೊರತಿ ಮಾಡಿಟ್ರ ವಯಸ್ಸಾದ ಹುಳಗಳೊಳಗ ಕೆಲವು ತಿರುಗಿ ಮರಿ ಸಾಕಾಕ ಹೋಗ್ತಾವ, ಗ್ರಂಥಿನೂ ತಿರುಗಿ ಉಬ್ಬತೈತಿ. ರಿಟೈರ್ ಆದವ್ರನ್ನ ವಾಪಸ್ ಕರಸೋದು ನಮ್ಮ ಕಡೆ ಆಫೀಸಿನ್ಯಾಗೂ ನಡೀತೈತಿ ಬಿಡ್ರಿ, ಆದ್ರ ಯಾರ ತಲಿಯೊಳಗೂ ಗ್ರಂಥಿ ಚಿಗರಂಗಿಲ್ಲ.

ಹುಳದ ಮೈಯೊಳಗ ಇಂಥ ಆಲ್ಫಾ ಗ್ಲುಕೋಸಿಡೇಸ್ ಮೂರು ನಮೂನಿ ಅದಾವ, ಒಂದು, ಎರಡು, ಮೂರು ಅಂತ ನಂಬರ್ ಕೊಟ್ಟಾರ. ಮೊದಲಿನ ಎರಡು ಹೊಟ್ಟಿ ಕಡೆ ಸಿಗ್ತಾವ, ತಾನು ತಿಂದದ್ದನ್ನ ಅರಗಿಸ್ಕೊಳ್ಳಾಕ. ಮೂರನೇದ್ದು ತಲಿ ಗ್ರಂಥಿಯಿಂದ ಬಂದು ತುಪ್ಪದಾಗ ಸೇರೋದು. ನಮ್ಮ ಕೆಲಸ ಆ ಮೂರನೇದ್ದರ ಮ್ಯಾಲ.

ಹೂವಿಂದ ಬಂದ ಹುಳ ಹೊಟ್ಟಿಯೊಳಗಿನ ಜೇನು ಚೀಲದಾಗ ಮಕರಂದ ತರೋವಾಗನ ಎನ್‌ಜೈಮ್ ಬೆರಸ್ತೈತಿ. ಬಂದ ಕೂಡ್ಲೆ ತಾನ ಎರಿಯ ಕಣದಾಗ, ಅಂದ್ರ ಮೇಣದ ಸಣ್ಣ ಗೂಡಿನ್ಯಾಗ, ಸುರಿಯಂಗಿಲ್ಲ, ಒಳಗ ಕಾಯ್ಕೊಂಡ ನಿಂತ ಇನ್ನೊಂದು ಹುಳದ ಬಾಯಿಗೆ ಕೊಡ್ತೈತಿ. ಅದು ಒಂದು ಹನಿ ಬಾಯಿಮುಂದ ತಂದು ತೆಳ್ಳಗ ಹರವೋದು, ನುಂಗೋದು, ಮತ್ತ ತರೋದು, ಹಿಂಗ 15-20 ನಿಮಿಷ ಮಾಡ್ತೈತಿ, ಪ್ರತಿ ಸಲ ಸ್ವಲ್ಪ ನೀರು ಆರತೈತಿ, ಸ್ವಲ್ಪ ಎನ್‌ಜೈಮ್ ಸೇರತೈತಿ. ಆಮೇಲೆ ಕಣದಾಗ ಇಟ್ಟು ರೆಕ್ಕಿ ಬೀಸಿ ಗಾಳಿ ಆಡಿಸಿ ಆರಸ್ತಾವ, ಸಾಕಷ್ಟು ಗಟ್ಟಿ ಆದ ಮ್ಯಾಲ ಮೇಣದ ಮುಚ್ಚಳ ಹಾಕ್ತಾವ. ಮುಚ್ಚಳ ಬಿದ್ದ ಮ್ಯಾಲೂ ಒಳಗ ಇನ್ವರ್ಟೇಸ್ ಸುಮ್ಮ ಕೂಡಂಗಿಲ್ಲ, ಉಳಿದ ಸುಕ್ರೋಸ್ ಮೆಲ್ಲಕ ಒಡಕೋತ ಇರ್ತೈತಿ. ಈ ಮುಚ್ಚಳದ ಮಾತು ನೆನಪಿಟ್ಕೊರಿ, ಮುಂದ ಬೇಕಾಗ್ತೈತಿ.

ಈಗ ಲ್ಯಾಬಿನ ಕಥಿ. ಸಕ್ರಿ ಒಡದದ್ದು ಅಳಿಯಾಕ ನಮಗ ಬಿಎಸ್ಸಿಯಿಂದ ಕಲಿಸಿದ್ದು ಡಿಎನ್‌ಎಸ್‌ಎ ಅನ್ನೋ ರಾಸಾಯನಿಕದ ಪದ್ಧತಿ, 1959ರಾಗ ಮಿಲ್ಲರ್ ಬರೆದದ್ದು, ಎಲ್ಲಾ ಕಾಲೇಜಿನ್ಯಾಗೂ ಅದ. ಗ್ಲೂಕೋಸ್ ಫ್ರಕ್ಟೋಸ್ ಥರದ ಸಕ್ರಿ ಇದ್ರ ಹಳದಿ ದ್ರಾವಣ ಕಾಸಿದಾಗ ಕೇಸರಿ-ಕೆಂಪ ಆಗ್ತೈತಿ, 540 ನ್ಯಾನೋಮೀಟರಿನ್ಯಾಗ ಓದೋದು. ಯೀಸ್ಟಿನ ಇನ್ವರ್ಟೇಸಿಗೆ ಇದು ಬರೋಬ್ಬರಿ. ತುಪ್ಪಕ್ಕ ಇದನ್ನ ಹಚ್ಚಿದ್ರ ಏನಾಗ್ತೈತಿ ಹೇಳ್ರಿ? ತುಪ್ಪದಾಗ ಮೊದ್ಲ ನೂರಕ್ಕ 70 ಭಾಗ ಅದ ಸಕ್ರಿ ತುಂಬೈತಿ, ಎನ್‌ಜೈಮ್ ಒಂದ್ ಚೂರೂ ಕೆಲಸ ಮಾಡದಿದ್ರೂ ಟ್ಯೂಬ್ ಕೆಂಪ ಕೆಂಪ. ಅದಕ್ಕ ಮೊದ್ಲ ಡಯಾಲಿಸಿಸ್ ಮಾಡಬೇಕು, ಸಣ್ಣ ತೂತಿನ ಪೊರೆಯ ಚೀಲದಾಗ ತುಪ್ಪದ ದ್ರಾವಣ ಹಾಕಿ, ಬಫರಿನ್ಯಾಗ (ಪಿಎಚ್ ಏರಿಳಿಯದಂಗ ಹಿಡಿಯೋ ದ್ರಾವಣದಾಗ) ಮುಳುಗಿಸಿ, ಕೋಲ್ಡ್ ರೂಮಿನ್ಯಾಗ ಇಡೋದು. ಸಕ್ರಿ ಹೊರಗ ಹೋಗ್ತೈತಿ, ದೊಡ್ಡ ಪ್ರೋಟೀನ್ ಒಳಗ ಉಳಿತೈತಿ, ನಮ್ಮ ಮೂರನೇ ನಂಬರಿನ ಎನ್‌ಜೈಮಿನ ತೂಕ ಸುಮಾರು 68 ಕಿಲೋಡಾಲ್ಟನ್ (ಅಣುಗಳ ತೂಕದ ಅಳತಿ ಅದು), ಅದು ಆ ತೂತಿನ್ಯಾಗ ತೂರಂಗಿಲ್ಲ. ಆದ್ರ ತುಪ್ಪ ಅಂದ್ರ ತುಪ್ಪ, ಸಕ್ರಿ ಹೊರಗ ಹೋಗೋಕಿಂತ ಮೊದ್ಲ ನೀರು ಒಳಗ ನುಗ್ಗತೈತಿ, ಚೀಲ ಉಬ್ಬಿ ಉಬ್ಬಿ ಬಿರಿಯಂಗ ಆಗ್ತೈತಿ, ಅದಕ್ಕ ಅರ್ಧಕ್ಕಿಂತ ಜಾಸ್ತಿ ಜಾಗಾ ಖಾಲಿ ಬಿಟ್ಟು ಗಂಟ ಕಟ್ಟಬೇಕು. ಇದನ್ನ ಯಾವ ಮ್ಯಾನುವಲ್ಲಿನ್ಯಾಗೂ ದಪ್ಪ ಅಕ್ಷರದಾಗ ಬರೆದಿರಂಗಿಲ್ಲ, ಸೀನಿಯರ್ ಹೇಳಿದ್ರ ಮಾತ್ರ ಗೊತ್ತಾಗ್ತೈತಿ. ಅದರಾಗ ಬ್ಯಾಸಗಿಯೊಳಗ ಕರೆಂಟ್ ಹೋದ್ರ ಕೋಲ್ಡ್ ರೂಮಿನ ಬಾಗಲಾ ಯಾರೂ ತಗೀಬ್ಯಾಡ್ರಿ ಅಂತ ಚೀಟಿ ಅಂಟಿಸಿ ಕಾವಲ ಕಾಯೋದು ಬ್ಯಾರೆ.

ಇದಕ್ಕಿಂತ ಸುಲಭದ ದಾರಿ ಐತಿ. ಪ್ಯಾರಾ ನೈಟ್ರೋಫಿನೈಲ್ ಗ್ಲುಕೋಸೈಡ್, ಉದ್ದ ಹೆಸರು, ನಾವು ಪಿಎನ್‌ಪಿಜಿ ಅಂತೀವಿ. ಇದು ಗ್ಲೂಕೋಸಿಗೆ ಒಂದ್ ಬಣ್ಣದ ಬಾಲಾ ಕಟ್ಟಿದ ನಕಲಿ ಸಕ್ರಿ. ಎನ್‌ಜೈಮ್ ಆ ಬಾಲಾ ಕಡದ ಹಾಕಿದ್ರ ಪ್ಯಾರಾ ನೈಟ್ರೋಫಿನಾಲ್ ಬರ್ತೈತಿ, ಕ್ಷಾರ ಹಾಕಿದ ಕೂಡ್ಲೆ ಹಳದಿ. ತುಪ್ಪದಾಗಿನ ಬ್ಯಾರೆ ಸಕ್ರಿಗೆ ಈ ಬಣ್ಣದ ಸಂಬಂಧಾನ ಇಲ್ಲ, ಹಂಗಾಗಿ ಡಯಾಲಿಸಿಸ್ ಇಲ್ದನೂ ನಡೀತೈತಿ. 1970ರ ದಶಕದಾಗ ಸೀಗೆಂಥಾಲರ್ ಅನ್ನವ್ರು ಇದನ್ನ ತುಪ್ಪಕ್ಕ ಹೊಂದಿಸಿದ್ರು: ಪಿಎಚ್ 6ರ ಬಫರ್, 40 ಡಿಗ್ರಿ ವಾಟರ್ ಬಾತ್, 20 ನಿಮಿಷ, ಪಿಎಚ್ 9.5ರ ದ್ರಾವಣ ಹಾಕಿ ನಿಲ್ಲಸೋದು, 400 ನ್ಯಾನೋಮೀಟರಿನ್ಯಾಗ ಓದೋದು. ಇಷ್ಟ. ತಾಜಾ ತುಪ್ಪ ಇದ್ರ ಕ್ಷಾರ ಬಿದ್ದ ಕೂಡ್ಲೆ ಟ್ಯೂಬ್ ಅರಿಷಿಣ ಕದಡಿದಷ್ಟು ಹಳದಿ ಆಗ್ತೈತಿ. ಪೇಟಿಯೊಳಗಿನ ಕೆಲವು ಬಾಟಲಿದು ಬ್ಲ್ಯಾಂಕ್ (ಎನ್‌ಜೈಮ್ ಕೆಲಸ ಮಾಡದ ಹೋಲಿಕಿ ಟ್ಯೂಬ್) ಯಾವ್ದು ಸ್ಯಾಂಪಲ್ ಯಾವ್ದು ಅಂತ ಬರದ ಇಡದಿದ್ರ ಗೊತ್ತಾಗಂಗಿಲ್ಲ, ಅಷ್ಟು ತಿಳಿ.

ಒಂದ್ ಮಾತು ಹೇಳದ ಮುಂದ ಹೋಗಾಕ ಮನಸ್ಸಿಲ್ಲ. ಬಯೋಕೆಮಿಸ್ಟ್ರಿ ಓದಿದವ್ರೆಲ್ಲಾ ಪರೀಕ್ಷಾದಾಗ ಬರಿಯೋ, ಎನ್‌ಜೈಮ್ ಎಷ್ಟು ವೇಗದಾಗ ಕೆಲಸ ಮಾಡ್ತೈತಿ ಅಂತ ಹೇಳೋ ಮೈಕೇಲಿಸ್-ಮೆಂಟನ್ ಸಮೀಕರಣ ಐತೆಲ್ಲ, 1913ರಾಗ ಬರ್ಲಿನ್ನಿನ್ಯಾಗ ಲಿಯೊನೋರ್ ಮೈಕೇಲಿಸ್ ಮತ್ತ ಕೆನಡಾದಿಂದ ಬಂದ ಮಾಡ್ ಮೆಂಟನ್ ಅದನ್ನ ಕಟ್ಟಿದ್ದು ಇನ್ವರ್ಟೇಸ್ ಇಟ್ಕೊಂಡ. ಸಕ್ರಿ ದ್ರಾವಣದಾಗ ಬೆಳಕು ಯಾವ ಕಡೆ ಎಷ್ಟು ತಿರುಗ್ತೈತಿ ಅಂತ ಪೋಲಾರಿಮೀಟರಿನ್ಯಾಗ ನೋಡಿ ಲೆಕ್ಕ ಹಾಕಿದ್ರು. ಅವ್ರದ್ದು ಯೀಸ್ಟಿನ ಎನ್‌ಜೈಮ್. ಅದೂ ಸುಕ್ರೋಸನ್ನ ಒಡಿತೈತಿ, ಕಡೀಕೆ ಸಿಗೋದೂ ಅದ ಗ್ಲೂಕೋಸ್, ಫ್ರಕ್ಟೋಸ್. ಆದ್ರ ಯೀಸ್ಟಿಂದು ಫ್ರಕ್ಟೋಸ್ ಕಡೆಯಿಂದ ಹಿಡಿತೈತಿ, ಜೇನುಹುಳದ್ದು ಗ್ಲೂಕೋಸ್ ಕಡೆಯಿಂದ. ಹಿಂಗ ಹಿಡಿಯೋದರಿಂದ ಜೇನಿನ ಎನ್‌ಜೈಮ್ ಕೆಲವು ಸಲ ಒಡದ ಗ್ಲೂಕೋಸನ್ನ ನೀರಿಗೆ ಬಿಡದ ಇನ್ನೊಂದು ಸುಕ್ರೋಸಿಗೆ ಅಂಟಸ್ತೈತಿ, ಎರ್ಲೋಸ್ ಅನ್ನೋ ಮೂರು ಕೊಂಡಿ ಸಕ್ರಿ ಆಗ್ತೈತಿ, ತುಪ್ಪ ಮಾಗೋವಾಗ ನಡುವ ಬಂದು ಆಮೇಲೆ ಕಡಿಮಿ ಆಗ್ತೈತಿ. ಅಮೆರಿಕಾದ ಜೊನಾಥನ್ ವೈಟ್ 1950ರ ದಶಕದಾಗನ ಇದನ್ನ ತೋರಿಸ್ಯಾರ.

ಇಲ್ಲೇ ಲಗ್ನದ ಮಾಮಾನ ಪ್ರಶ್ನೆಗೆ ಆ ಅರ್ಧ ಉತ್ತರ ಐತಿ. ಕಾರ್ಖಾನಿಯೊಳಗ ಸಕ್ರಿಪಾಕಕ್ಕ ಯೀಸ್ಟಿನ ಎನ್‌ಜೈಮ್ ಹಾಕಿ ಒಡದು ಜೇನಂಗ ಮಾಡಿದ್ರ ಸಕ್ರಿ ಲೆಕ್ಕ ಜೇನಿನಂಗ ಕಾಣ್ತೈತಿ, ಆದ್ರ ಪಿಎನ್‌ಪಿಜಿ ಮುಂದ ಹಳದಿ ಬರಂಗಿಲ್ಲ, ಯೀಸ್ಟಿನ ಎನ್‌ಜೈಮಿಗೆ ಅದರಾಗ ಹಿಡಿಯಾಕ ಫ್ರಕ್ಟೋಸ್ ಎಲ್ಲೈತಿ? ದೊಡ್ಡ ಲ್ಯಾಬಿನ್ಯಾಗ ತುಪ್ಪದೊಳಗ ಯೀಸ್ಟ್ ನಮೂನಿ ಎನ್‌ಜೈಮ್ ಏನರೆ ಐತೇನು ಅಂತ ಉಲ್ಟಾ ಟೆಸ್ಟನೂ ಮಾಡ್ತಾರ, ಇದ್ರ ಪಾಕ ಬೆರೆಸ್ಯಾರ ಅಂತ ಅರ್ಥ. ಪೂರ್ತಿ ಉತ್ತರ ಯಾಕಲ್ಲ ಅಂದ್ರ, ಮಳಿಗಾಲದಾಗ ಹೂವಿಲ್ದಾಗ ಪೆಟ್ಟಿಗಿ ಹುಳಕ್ಕ ಸಕ್ರಿಪಾಕ ಇಡ್ತಾರ, ಅದು ಹುಳ ಬದುಕಾಕ, ತಪ್ಪಲ್ಲ. ಆದ್ರ ಯಾರರೆ ಅದನ್ನ ಹುಳದ ಕಡೆಯಿಂದನ ತುಪ್ಪ ಮಾಡಿಸಿ ಮಾರಿದ್ರ ಎನ್‌ಜೈಮ್ ಖರೇನ ಜೇನಿಂದ ಇರ್ತೈತಿ, ನನ್ನ ಟ್ಯೂಬ್ ಪಾಪ ಹಳದಿ ಆಗೇ ಆಗ್ತೈತಿ. ಅದನ್ನ ಹಿಡಿಯಾಕ ಕಾರ್ಬನ್ ಐಸೊಟೋಪ್ (ತೂಕ ಬ್ಯಾರೆ ಇರೋ ಕಾರ್ಬನ್ ಪರಮಾಣು) ಟೆಸ್ಟ್ ಬೇಕು, ಕಬ್ಬು ಮೆಕ್ಕೆಜೋಳದ ಸಕ್ರಿಯ ಕಾರ್ಬನ್ ಗುರುತು ಬ್ಯಾರೆ ಇರ್ತೈತಿ. ಅಕ್ಕಿಪಾಕ ಅದನ್ನೂ ದಾಟಿ ಹೋಗ್ತೈತಿ, ಅದಕ್ಕ 2020ರ ಡಿಸೆಂಬರಿನ್ಯಾಗ ದಿಲ್ಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್ಮೆಂಟ್ 13 ಬ್ರ್ಯಾಂಡ್ ಜೇನನ್ನ ಎನ್‌ಎಂಆರ್ ಅನ್ನೋ, ಅಯಸ್ಕಾಂತದಿಂದ ಅಣುಗಳ ಗುರುತು ಹಿಡಿಯೋ ಟೆಸ್ಟಿಗೆ ಕಳಿಸಿದಾಗ 10 ಪಾಸಾಗಲಿಲ್ಲ ಅಂತ ಸುದ್ದಿ ಆತು. ಅವತ್ತಿಂದ ಮಂದಿಗೆ ಜೇನಂದ್ರ ಒಂದ ಚಿಂತಿ, ಅಸಲಿನೋ ನಕಲಿನೋ. ಕಂಪನಿ ಜೇನು ಬ್ಯಾಡ, ಕಾಡಿಂದ ತಂದವ್ರ ಹತ್ರನ ತಗೋಬೇಕು ಅಂತ ಎಲ್ಲಾರೂ ಶುರು ಮಾಡಿದ್ರು.

ಆ ಕಾಡಿನ ಜೇನಿಗೇನ ನಾ ಬರಬೇಕಾಗಿದ್ದು.

ನಮ್ಮ ಭಾಗದಾಗ ಜೇನು ಅಂದ್ರ ಕಣ್ಣಿಗೆ ಬೀಳೋದು ಹೆಜ್ಜೇನು. ಕಲಘಟಗಿ, ಅಳ್ನಾವರ ಕಡೆ ಕಾಡಿನ ಅಂಚಿನ್ಯಾಗ ದೊಡ್ಡ ಮರಕ್ಕ, ಊರೊಳಗ ನೀರಿನ ಟ್ಯಾಂಕಿನ ಕೆಳಗ, ಹಾಸ್ಟೆಲ್ ಬಿಲ್ಡಿಂಗಿನ ಸಜ್ಜಾಕ್ಕ ಒಂದ ದೊಡ್ಡ ಎರಿ ಇಳಿಬಿಟ್ಕೊಂಡ ಕುಂತಿರ್ತಾವ. ಗೂಡು ಬಯಲಾಗ ಇರ್ತೈತಿ, ಕೀಳವ್ರು ರಾತ್ರಿ ಹೊಗಿ ಹಾಕಿ ಎರಿ ಕಡದು ಹಿಂಡ್ತಾರ. ಮುಚ್ಚಳ ಬಿದ್ದದ್ದು ಬೀಳದ್ದು ಎಲ್ಲಾ ಕೂಡಿ ಒಂದ ಬಕೆಟಿಗೆ. ಮುಚ್ಚಳ ಬೀಳದ ಕಣದಾಗ ನೀರು ಇನ್ನೂ ಆರಿರಂಗಿಲ್ಲ, ಮೊದ್ಲ ಹೆಜ್ಜೇನಿನ ತುಪ್ಪ ಸ್ವಲ್ಪ ತೆಳುವು, 20% ದಾಟಿದ ನೀರು ಸಾಮಾನ್ಯ, ಅದರಾಗ ಹಿಂಡಿದಾಗ ಮರಿ ರಸ, ಪರಾಗ ಬ್ಯಾರೆ ಸೇರತೈತಿ. ನೀರು ಜಾಸ್ತಿ ಆದ್ರ ಸಕ್ರಿ ತಡ್ಕೊಳ್ಳೋ ಯೀಸ್ಟ್ ಎಚ್ಚರ ಆಗ್ತಾವ, ತುಪ್ಪ ಹುಳಿ ಬಂದು ನೊರಿ ಬರ್ತೈತಿ, ಕ್ಯಾನಿನ ಮುಚ್ಚಳ ಹಾರ್ತೈತಿ. ಹಂಗ ಆಗಬಾರದು ಅಂತ ಏನ ಮಾಡ್ತಾರ? ಕಾಸ್ತಾರ. ಪಾತೇಲಿಯೊಳಗ ಸುರಿದು ಒಲಿ ಮ್ಯಾಲ ಇಟ್ಟು ನೊರಿ ತಗದು ಗಟ್ಟಿ ಮಾಡಿ ಬಾಟಲಿ ತುಂಬಸ್ತಾರ. ಅವ್ರನ್ನ ಬೈಯಾಕ ನನಗ ಮನಸಿಲ್ಲ, ಕೆಟ್ಟು ಹೋದ್ರ ಯಾರ ದುಡ್ಡ ಕೊಡ್ತಾರ? ಆದ್ರ ಇನ್ವರ್ಟೇಸಿನ ಕಡೆಯಿಂದ ನೋಡಿದ್ರ ಅದು ಅಲ್ಲಿಗೆ ಮುಗೀತು.

ಎಷ್ಟು ಬಿಸಿಗೆ ಎಷ್ಟು ಹೊತ್ತಿನ್ಯಾಗ ಮುಗೀತೈತಿ ಅನ್ನೋದಕ್ಕ ಅದ ವೈಟ್ ಮತ್ತ ಅವ್ರ ಜೊತಿಗಾರರು 1964ರಾಗ ಲೆಕ್ಕ ಕೊಟ್ಟಾರ, ಇವತ್ತಿಗೂ ಎಲ್ಲಾರೂ ಅದನ್ನ ಹೇಳ್ತಾರ. ಎನ್‌ಜೈಮಿನ ಶಕ್ತಿ ಅರ್ಧಕ್ಕ ಇಳಿಯಾಕ ಹಿಡಿಯೋ ಟೈಮ್: 20 ಡಿಗ್ರಿಯೊಳಗ ಇಟ್ರ ಇನ್ವರ್ಟೇಸಿಗೆ 820 ದಿನ. 30 ಡಿಗ್ರಿಗೆ 83 ದಿನ. 40 ಡಿಗ್ರಿಗೆ 9.6 ದಿನ. 60ಕ್ಕ ಐದು ತಾಸಿನ ಒಳಗ. 70ಕ್ಕ 47 ನಿಮಿಷ, 80ಕ್ಕ ಒಂಬತ್ತು ನಿಮಿಷಾನೂ ಬ್ಯಾಡ. ಈ ಲೆಕ್ಕ ಮೊದಲ ಸಲ ಓದಿದಾಗ ನನ್ನ ಕಣ್ಣು ನಿಂತಿದ್ದು 80ರ ಮ್ಯಾಲ ಅಲ್ಲ, ಕಾಸಿದ್ರ ಸಾಯ್ತೈತಿ ಅನ್ನೋದು ಊಹಿಸಬಹುದು, ನಿಂತಿದ್ದು 40ರ ಮ್ಯಾಲ. ಏಪ್ರಿಲ್ ಮೇದಾಗ ಗದಗ, ನವಲಗುಂದ ಕಡೆ ಪತ್ರಾಸ್ ಶೆಡ್ಡಿನ್ಯಾಗ, ಬಿಸಲಿಗೆ ನಿಂತ ಟೆಂಪೋದಾಗ, ಹೈವೇ ಬಾಜೂ ಗಾಜಿನ ಬಾಟಲಿ ಸಾಲಾಗಿ ಜೋಡಿಸಿದ ಟೇಬಲ್ಲಿನ ಮ್ಯಾಲ ಎಷ್ಟ್ ಡಿಗ್ರಿ ಇರ್ತೈತಿ ನೀವ ಅಂದಾಜ ಮಾಡ್ರಿ. ಒಲಿ ಮುಟ್ಟದ, ಹುಳ ಮಾಡಿದ ಹಂಗೇ ಇದ್ದ ತುಪ್ಪಾನೂ ಅಲ್ಲೇ ಕುಂತಲ್ಲೇ ಒಂದ್ ಬ್ಯಾಸಗಿಯೊಳಗ ಅರ್ಧದ ಅರ್ಧದ ಅರ್ಧ ಆಗಿ ಹೋಗ್ತೈತಿ.

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದಾಗ ಅಳಿಯೋ ಎನ್‌ಜೈಮ್ ಇನ್ವರ್ಟೇಸ್ ಅಲ್ಲ, ಡಯಾಸ್ಟೇಸ್, ಅಂದ್ರ ಪಿಷ್ಟ ಒಡಿಯೋ ಅಮೈಲೇಸ್. ಕನಿಷ್ಠ 3 ಶೇಡ್ ಯೂನಿಟ್ (ಡಯಾಸ್ಟೇಸಿನ ಶಕ್ತಿ ಅಳಿಯೋ ಮಾಪು) ಇರಬೇಕು. ನೀರು 20% ದಾಟಬಾರದು, ಎಚ್‌ಎಂಎಫ್ ಕೆಜಿಗೆ 80 ಮಿಲಿಗ್ರಾಂ ದಾಟಬಾರದು. ಎಚ್‌ಎಂಎಫ್ ಅಂದ್ರ ಫ್ರಕ್ಟೋಸ್ ಹುಳಿಯೊಳಗ ಬಿಸಿ ತಿಂದಾಗ ಹುಟ್ಟೋ ವಸ್ತು, ತಾಜಾ ತುಪ್ಪದಾಗ ಹೆಚ್ಚುಕಡಿಮಿ ಇರಂಗಿಲ್ಲ. ಆದ್ರ ಡಯಾಸ್ಟೇಸ್ ಇನ್ವರ್ಟೇಸಿಗಿಂತ ಗಟ್ಟಿ ಗಿರಾಕಿ. ವೈಟರ ಲೆಕ್ಕದಾಗ 40 ಡಿಗ್ರಿಗೆ ಅದಕ್ಕ ಅರ್ಧ ಆಗಾಕ 31 ದಿನ ಬೇಕು, 70ಕ್ಕ ಐದು ತಾಸಿನ ಮ್ಯಾಲ. ಅಂದ್ರ ಒಂದ್ ತಾಸು 70 ಡಿಗ್ರಿ ಕಾಸಿದ ತುಪ್ಪ ಡಯಾಸ್ಟೇಸ್ ಟೆಸ್ಟಿನ್ಯಾಗ ಆರಾಮ ಪಾಸಾಗಬಹುದು, ಇನ್ವರ್ಟೇಸ್ ಆಗಲೇ ಅರ್ಧಕ್ಕಿಂತ ಕೆಳಗ ಹೋಗಿರ್ತೈತಿ. ಜರ್ಮನಿಯ ಜೇನು ಸಾಕಾಣಿಕೆದಾರರ ಸಂಘ ತನ್ನ ಲೇಬಲ್ ಹಚ್ಚೋ ತುಪ್ಪಕ್ಕ ಇನ್ವರ್ಟೇಸ್ ಕೆಜಿಗೆ ಕನಿಷ್ಠ 64 ಯೂನಿಟ್ ಇರಬೇಕು ಅಂತೈತಿ. ನಮ್ಮಲ್ಲೂ ಅದನ್ನ ಹಚ್ಚರಿ ಅಂತ ನಾ ಹೇಳಂಗಿಲ್ಲ, ನಮ್ಮ ಬಿಸಲಿಗೆ ಆ ಗೆರಿ ಹಾಕಿದ್ರ ಪ್ರಾಮಾಣಿಕ ರೈತನ ಮೊದ್ಲ ಫೇಲ್ ಆಗ್ತಾನ, ಅದೂ ಅಲ್ದ ಹೂವು ಒಮ್ಮೆಲೇ ಜೋರು ಅರಳಿ ಮಕರಂದ ಸುರಿದಾಗ ಹುಳಗಳು ಲಗೂ ಲಗೂ ಕೆಲಸ ಮುಗಸ್ತಾವ, ಆಗ ತುಪ್ಪದಾಗ ಎನ್‌ಜೈಮ್ ಹುಟ್ಟಿದಾಗಿಂದನ ಕಡಿಮಿ ಇರ್ತೈತಿ. ಒಂದ ನಂಬರ್ ನೋಡಿ ಕಾಸ್ಯಾರ ಅಂತ ಹೇಳಾಕ ಬರಂಗಿಲ್ಲ, ಎಚ್‌ಎಂಎಫ್ ಜೊತಿ ಇಟ್ಟ ನೋಡಬೇಕು.

ಈಗ ನೀವು ಕೇಳಬಹುದು, ಎನ್‌ಜೈಮ್ ಸತ್ರ ನಮಗೇನ ಆತು? ಕೇಳಬೇಕಾದ ಪ್ರಶ್ನೆ. ಬಾಟಲಿ ಮ್ಯಾಲ "ಜೀವಂತ ಎನ್‌ಜೈಮ್ ಭರಿತ" ಅಂತ ಬರೆದು ಡಬಲ್ ರೇಟಿಗೆ ಮಾರೋದು ನೋಡೀನಿ, ಅದಕ್ಕ ನನಗ ನಗು ಬರ್ತೈತಿ. ಸಕ್ರಿ ಒಡಿಯೋ ಎನ್‌ಜೈಮ್ ನಮ್ಮ ಸಣ್ಣ ಕರುಳಿನ್ಯಾಗನ ಬೇಕಾದಷ್ಟು ಐತಿ, ತುಪ್ಪದಾಗಿಂದು ಹೊಟ್ಟಿಗೆ ಹೋದ್ರ ಅದೂ ಒಂದು ಪ್ರೋಟೀನ್, ಬ್ಯಾಳಿ ಅರಗಿದಂಗ ಅರಗತೈತಿ. ಎನ್‌ಜೈಮ್ ತಿಂದು ಶಕ್ತಿ ಬರಂಗಿಲ್ಲ. ಅದು ನಮಗ ಬೇಕಾಗಿರೋದು ಸಾಕ್ಷಿ ಹೇಳಾಕ ಅಷ್ಟ: ಇದು ಉಳಿದೈತಿ ಅಂದ್ರ ವಾಸನಿ, ಪರಿಮಳ, ಹಗುರ ಹಗುರ ಅಂಶಗಳೂ ಉಳಿದಿರ್ತಾವ, ಬಿಸಿಗೆ ಸತ್ತೈತಿ ಅಂದ್ರ ಅವೂ ಹಾರಿ ಹೋಗಿರಬಹುದು. ಹಿರ್ಯಾರು ಜೇನಿಗೆ ಬಿಸಿ ತಾಗಿಸಬಾರದು ಅಂತಾರ, ಆಯುರ್ವೇದದಾಗೂ ಅದ ಮಾತೈತಿ, ರುಚಿ ಪರಿಮಳದ ಲೆಕ್ಕದಾಗ ನಾ ಪೂರ್ತಿ ಅವ್ರ ಕಡೆ. ಬಿಸಿ ಜೇನು ವಿಷ ಅನ್ನೋ ಮಾತಿಗೆ ಮಾತ್ರ ಹೂಂ ಅನ್ನಾಕ ಆಗಂಗಿಲ್ಲ, ಕಾಸಿದಾಗ ಏರೋ ಆ ಎಚ್‌ಎಂಎಫ್ ಹುರಿದ ಕಾಫಿಪುಡಿಯೊಳಗ ಜೇನಿಗಿಂತ ಎಷ್ಟೋ ಪಟ್ಟು ಜಾಸ್ತಿ ಇರ್ತೈತಿ, ಕಾಫಿ ಕುಡಿದು ಯಾರೂ ಬಿದ್ದಿಲ್ಲ.

ಗಾಯಕ್ಕ ಹಚ್ಚೋ ಮಾತು ಬ್ಯಾರೆ. ಅಲ್ಲಿ ಕೆಲಸ ಮಾಡೋದು ಅದ ಗ್ರಂಥಿಯಿಂದ ಬರೋ ಇನ್ನೊಬ್ಬ, ಗ್ಲೂಕೋಸ್ ಆಕ್ಸಿಡೇಸ್. ಗಟ್ಟಿ ತುಪ್ಪದಾಗ ಇದು ಮಲಕೊಂಡಿರ್ತೈತಿ, ನೀರು ಸೇರಿ ತೆಳುವಾದ್ರ ಏಳ್ತೈತಿ, ಗ್ಲೂಕೋಸು, ಗಾಳಿಯಾಗಿನ ಆಮ್ಲಜನಕ ತಗೊಂಡು ಗ್ಲುಕೋನಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಮಾಡ್ತೈತಿ. ತುಪ್ಪದ ಹುಳಿಗೆ ಮುಖ್ಯ ಕಾರಣ ಆ ಆಮ್ಲ, ಕ್ರಿಮಿ ಸಾಯಿಸೋದು ಆ ಪೆರಾಕ್ಸೈಡ್. 1930ರ ದಶಕದಿಂದ ತುಪ್ಪದಾಗ ಏನೋ ಒಂದು ಕ್ರಿಮಿನಾಶಕ ಐತಿ ಅಂತ ಇನ್ಹಿಬಿನ್ ಅಂತ ಹೆಸರಿಟ್ಟು ಹುಡುಕಾಕತ್ತಿದ್ರು, ಅದು ಪೆರಾಕ್ಸೈಡ್ ಅಂತ 1963ರಾಗ ತೋರಿಸಿದವ್ರೂ ವೈಟ್ ಮತ್ತ ಜೊತಿಗಾರರ. ಶುಗರ್ ಚೆಕ್ ಮಾಡೋ ಪಟ್ಟಿಗಳ ಪೈಕಿ ಭಾಳಷ್ಟರಾಗ ಇರೋದೂ ಗ್ಲೂಕೋಸ್ ಆಕ್ಸಿಡೇಸ, ಅದನ್ನ ಮಾತ್ರ ಬೂಷ್ಟಿನಿಂದ ತಗೀತಾರ. ಇಷ್ಟೆಲ್ಲಾ ಇದ್ರೂ ಒಂದು ಮಾತು, ಹುಟ್ಟಿದ ಕೂಸಿನ ನಾಲಿಗಿಗೆ ಜೇನು ಹಚ್ಚೋ ಪದ್ಧತಿ ನಮ್ಮ ಕಡೆ ಇನ್ನೂ ಐತಿ, ವರ್ಷ ತುಂಬೋತನಕ ದಯಮಾಡಿ ಬ್ಯಾಡ್ರಿ. ಬೊಟುಲಿನಮ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣು ಅಸಲಿ ತುಪ್ಪದಾಗೂ ಇರಬಹುದು, ಈ ಪೆರಾಕ್ಸೈಡಿಗೆ ಅದು ಜಗ್ಗಂಗಿಲ್ಲ, ದೊಡ್ಡವ್ರಿಗೆ ಸಾಮಾನ್ಯವಾಗಿ ಏನೂ ಆಗಂಗಿಲ್ಲ, ಎಳೆ ಕರುಳಿನ್ಯಾಗ ಅದು ಮೊಳಕಿ ಒಡದು ವಿಷ ಮಾಡ್ತೈತಿ.

ಮನಿ ಟೆಸ್ಟುಗಳ ಬಗ್ಗೆ ಜಾಸ್ತಿ ಬರಿಯಂಗಿಲ್ಲ. ನೀರಿನ ಗ್ಲಾಸಿನ್ಯಾಗ ಹನಿ ಬಿಡೋದು, ಕಡ್ಡಿ ಗೀರೋದು, ಇರಿವಿ ಮುತ್ತಲಿಲ್ಲ ಅನ್ನೋದು, ನಾಯಿ ಮೂಸಲಿಲ್ಲ ಅನ್ನೋದು, ಯಾವ್ದೂ ನಡಿಯಂಗಿಲ್ಲ, ಗಟ್ಟಿ ಪಾಕಾನೂ ನೀರಿನ್ಯಾಗ ತಳಕ್ಕ ಹೋಗ್ತೈತಿ. ಒಂದ್ ಮಾತ್ರ ಹೇಳಲೇಬೇಕು, ಹರಳ ಆದದ್ದನ್ನ ಸಕ್ರಿ ಬೆರೆಸ್ಯಾರ ಅಂತ ವಾಪಸ್ ಕೊಡಬ್ಯಾಡ್ರಿ. ಇನ್ವರ್ಟೇಸ್ ತನ್ನ ಕೆಲಸ ಚೊಲೋ ಮಾಡಿ ಒಡದ ಗ್ಲೂಕೋಸ ಅದು, ಫ್ರಕ್ಟೋಸಿನಷ್ಟು ಕರಗಂಗಿಲ್ಲ, ಅದಕ್ಕ ಹರಳ ಕಟ್ತೈತಿ. ಸೂರ್ಯಕಾಂತಿ ಹೊಲದ ಬಾಜೂ ಪೆಟ್ಟಿಗಿ ಇಟ್ಟು ತಗದ ತುಪ್ಪ ಅಂತೂ ಲಗೂನ ಗಟ್ಟಿ ಆಗ್ತೈತಿ, ಅದರಾಗ ಗ್ಲೂಕೋಸ್ ಜಾಸ್ತಿ. ಗಿರಾಕಿ ಗಟ್ಟಿ ತುಪ್ಪ ನೋಡಿ ಮಾರಿ ತಿರುಗಿಸ್ತಾರ ಅಂತ ಮಾರಾವ ಅದನ್ನ ಕರಗಸಾಕ ಕಾಸ್ತಾನ, ಕಾಸಿದ ಕೂಡ್ಲೆ ಇನ್ವರ್ಟೇಸ್ ಹೋತು. ಒಂದ್ ಕೆಲಸ ಬರೋಬ್ಬರಿ ಮಾಡಿದ್ದಕ್ಕ ಎನ್‌ಜೈಮಿಗೆ ಸಿಗೋ ಬಹುಮಾನ ಇದು! ರೊಟ್ಟಿ ಮ್ಯಾಲ ಹಂಗ ಗಟ್ಟಿದ ಸವರಿಕೊಂಡ ತಿನ್ರಿ, ಭಾಳ ರುಚಿ ಇರ್ತೈತಿ.

ಮುಂದಿನ ಕೆಲಸ ಏನಂದ್ರ ಹೆಜ್ಜೇನಿಂದು, ಪೆಟ್ಟಿಗಿಯೊಳಗ ಸಾಕೋ ಮೆಲ್ಲಿಫೆರಾ ಅನ್ನೋ ಜಾತಿದು, ತುಡುವಿ ಜೇನಿಂದು ಮೂರೂ ಜೋಡಿಸಿ ಇಟ್ಟು, ಒಂದ ಬಿಸಿಯೊಳಗ ಯಾರ ಎನ್‌ಜೈಮ್ ಎಷ್ಟು ತಾಳ್ತೈತಿ ಅಂತ ನೋಡೋದು. ಬಯಲಾಗ ಬಿಸಲಿನ್ಯಾಗ ಬದುಕೋ ಹೆಜ್ಜೇನಿನ ಎನ್‌ಜೈಮ್ ಬಾಕಿಯವ್ರಕ್ಕಿಂತ ಗಟ್ಟಿ ಇರಬಹುದೇನೋ ಅಂತ ನನ್ನದೊಂದು ಆಶಾ, ಗೈಡ್ ಸರ್ ಮಾತ್ರ ಆಶಾ ಗ್ರಾಫಿನ್ಯಾಗ ಹಾಕಾಕ ಬರಂಗಿಲ್ಲ ಅಂದ್ರು. ಪೆಟ್ಟಿಗಿ ತುಪ್ಪ ಸಿಕ್ಕೈತಿ, ತುಡುವಿದು ಶಿರಸಿ ಕಡೆಯಿಂದ ಬರೋದೈತಿ. ಕಾಸದ ಹೆಜ್ಜೇನ ಸಿಗವಲ್ದು. ಕಲಘಟಗಿ, ಹಾನಗಲ್ಲ, ಕಪ್ಪತಗುಡ್ಡದ ಸುತ್ತಮುತ್ತ ಯಾರಿಗರೆ ಕೀಳವ್ರ ಪರಿಚಯ ಇದ್ರ ಹೇಳ್ರಿ, ಮುಚ್ಚಳ ಬಿದ್ದ ಎರಿಯ ತುಂಡು ಅಂಗೈಯಷ್ಟು ಸಾಕು, ಹಿಂಡೋದೂ ಬ್ಯಾಡ. ಡಬ್ಬಿಯೊಳಗ ಹಾಕಿ ನೆರಳಾಗ ಇಡ್ರಿ, ನಾನ ಬಂದು ತಗೊಂಡ ಹೋಗ್ತೀನಿ. ಬಸ್ಸಿನ ಡ್ರೈವರ್ ಕಡೆ ಕೊಟ್ಟ ಮಾತ್ರ ಕಳಸಬ್ಯಾಡ್ರಿ, ಅವ್ರು ಎಂಜಿನ್ ಬಾನೆಟ್ಟಿನ ಮ್ಯಾಲ ಇಡ್ತಾರ.